ಅಪರಾಧಿಗೆ ಸರ್ಕಾರಿ ಊಟ, ನೊಂದವರಿಗೆ?

ಕೊಲೆಯ ಆರೋಪ ಹೊತ್ತವನನ್ನು ಪೊಲೀಸರು ವ್ಯಾನಿನಲ್ಲಿ ಕೂರಿಸಿಕೊಂಡು ಕೋರ್ಟಿಗೆ ಕರೆತರುತ್ತಾರೆ. ಡೀಸೆಲ್ ಸರ್ಕಾರದ್ದು. ಜೈಲಿನಲ್ಲಿ ಅವನಿಗೆ ಹೊತ್ತು ಹೊತ್ತಿಗೆ ಊಟ, ಕಾಯಿಲೆ ಬಿದ್ದರೆ ಔಷಧ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲೇ ವಕೀಲರು. ಇದೆಲ್ಲ ಇರಬೇಕಾದದ್ದೇ. ಆರೋಪ ಸಾಬೀತಾಗುವ ತನಕ ಅವನು ನಿರಪರಾಧಿ.

ಆದರೆ ಅದೇ ದಿನ ಅದೇ ಕೋರ್ಟಿಗೆ ಸಾಕ್ಷಿ ಹೇಳಲು ಬಂದ, ಸತ್ತವನ ಹೆಂಡತಿಯ ಪಾಡು ಏನು? ಹೊಸದುರ್ಗದ ಕಡೆಯ ಯಾವುದೋ ಹಳ್ಳಿಯಿಂದ ಕತ್ತಲಿರುವಾಗಲೇ ಎದ್ದು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಚಿತ್ರದುರ್ಗಕ್ಕೆ ಬಂದಿರುತ್ತಾಳೆ. ಮಧ್ಯಾಹ್ನ ಯಾರೋ ಬಂದು ‘ಇವತ್ತು ಆಗಲ್ಲ ಕಣಮ್ಮ, ಮುಂದಿನ ತಿಂಗಳು ಬಾ’ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಸಿಕ್ಕಿದರೆ ಟಿಕೆಟ್ಟಿನ ದುಡ್ಡು ಉಳಿಯುತ್ತದೆ. ಖಾಸಗಿ ಬಸ್ಸುಗಳನ್ನೇ ನಂಬಿಕೊಂಡ ಹಳ್ಳಿಗಳಿಗೆ ಆ ಭಾಗ್ಯವೂ ಇಲ್ಲ. ಕೂಲಿಯಂತೂ ಎರಡೂ ಕಡೆ ಹೋಗುತ್ತದೆ.

ಇಂಥ ಹೆಂಗಸಿಗೆ ಸರ್ಕಾರದಿಂದ ಬರಬೇಕಾದದ್ದು ಏನಾದರೂ ಇದೆಯೆ ಎಂದು ಕೇಳಿದರೆ, ಇದೆ. ನಾವು ತಿಳಿದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಅದನ್ನು ಅವಳಿಗೆ ಹೇಳುವವರು ಮಾತ್ರ ಕಡಿಮೆ.

ಕನ್ನಡಿಗರೊಬ್ಬರ ಶಿಫಾರಸು

ಹಳೆಯ ಕಾನೂನಿನಲ್ಲಿ ನೊಂದವರಿಗೆ ಇದ್ದದ್ದು ಒಂದು ಸಣ್ಣ ಕಿಂಡಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮಿನ ಪ್ರಕಾರ, ಅಪರಾಧಿ ಕಟ್ಟಿದ ದಂಡದಲ್ಲಿ ಒಂದು ಪಾಲನ್ನು ನೊಂದವರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿತ್ತು. ಅಪರಾಧಿ ಸಿಕ್ಕಬೇಕು, ಅಪರಾಧ ಸಾಬೀತಾಗಬೇಕು, ಅವನ ಹತ್ತಿರ ದುಡ್ಡಿರಬೇಕು. ಮೇಲ್ಮನವಿ ಹೋದರೆ ಅದು ಮುಗಿಯುವ ತನಕ ಕಾಯಬೇಕು. ಇಷ್ಟೆಲ್ಲ ಕೂಡಿಬರುವ ಹೊತ್ತಿಗೆ ಸತ್ತವನ ಮಕ್ಕಳು ದೊಡ್ಡವರಾಗಿ ದುಡಿಯಲು ಹೋಗಿರುತ್ತಿದ್ದರು.

ನ್ಯೂಜಿಲೆಂಡ್ 1963ರಲ್ಲೇ ಕಾನೂನು ಮಾಡಿ ಸರ್ಕಾರದ ಬೊಕ್ಕಸದಿಂದ ಪರಿಹಾರ ಕೊಡತೊಡಗಿತು. ಮರುವರ್ಷ ಬ್ರಿಟನ್ ಅದೇ ದಾರಿ ಹಿಡಿಯಿತು. 1985ರಲ್ಲಿ ವಿಶ್ವಸಂಸ್ಥೆ ಇದಕ್ಕೆಂದೇ ಒಂದು ಘೋಷಣೆ ಹೊರಡಿಸಿತು. ನಮ್ಮಲ್ಲಿ ಕಾನೂನು ಆಯೋಗ 1996ರ ತನ್ನ 154ನೇ ವರದಿಯಲ್ಲಿ ಈ ವಿಚಾರ ಎತ್ತಿತು. ಅದಕ್ಕೆ ಒತ್ತುಕೊಟ್ಟು ಹೇಳಿದವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮವರೇ ಆದ ವಿ.ಎಸ್. ಮಳಿಮಠ. 2000ದಲ್ಲಿ ನೇಮಕವಾಗಿ 2003ರಲ್ಲಿ ವರದಿ ಕೊಟ್ಟ ಅವರ ಸಮಿತಿಯ ಹಲವು ಸಲಹೆಗಳ ಬಗ್ಗೆ ಮಾನವ ಹಕ್ಕುಗಳ ಹೋರಾಟಗಾರರು ಗದ್ದಲ ಎಬ್ಬಿಸಿದರು. ಆ ಗದ್ದಲದಲ್ಲಿ, ನೊಂದವರಿಗಾಗಿ ಪ್ರತ್ಯೇಕ ಕಾನೂನು ಮತ್ತು ನಿಧಿ ಬೇಕು ಎಂಬ ಅದೇ ವರದಿಯ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಕೊನೆಗೆ ಆ ಮಾತು ಕಾನೂನಾಯಿತು. 2009ರ ಡಿಸೆಂಬರ್ 31ರಂದು 357-ಎ ಎಂಬ ಹೊಸ ಕಲಮು ಜಾರಿಗೆ ಬಂತು. ಪ್ರತಿ ರಾಜ್ಯವೂ ನೊಂದವರ ಪರಿಹಾರ ಯೋಜನೆ ಮಾಡಲೇಬೇಕು ಎಂದಿತು. ಕರ್ನಾಟಕದ ಯೋಜನೆಯ ಹೆಸರಿನಲ್ಲಿರುವ ವರ್ಷ 2011. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದೇ ವಿಷಯ 396ನೇ ಕಲಮಿನಲ್ಲಿದೆ. ನಂಬರು ಬದಲಾಗಿದೆ, ಹಕ್ಕು ಹೋಗಿಲ್ಲ.

ಅಪರಾಧಿ ಸಿಗದಿದ್ದರೂ

ಈ ಕಲಮಿನ ಜೀವಾಳವಾದ ಎರಡು ಮಾತುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆರೋಪಿ ಖುಲಾಸೆಯಾದರೂ, ನೊಂದವರ ಬದುಕು ಮತ್ತೆ ಕಟ್ಟಿಕೊಡಬೇಕಾದ ಸ್ಥಿತಿ ಇದ್ದರೆ ನ್ಯಾಯಾಧೀಶರು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅಪರಾಧಿ ಯಾರೆಂದೇ ಗೊತ್ತಾಗದೆ ವಿಚಾರಣೆಯೇ ನಡೆಯದಿದ್ದಾಗ ನೊಂದವರೇ ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಂದರೆ ಪರಿಹಾರ ಅಪರಾಧಿಯ ಜೇಬಿಗೆ ಕಟ್ಟಿದ ಗಂಟಲ್ಲ. ಪ್ರಜೆಯನ್ನು ಕಾಪಾಡಲಾಗದ ಸರ್ಕಾರ ತೀರಿಸಬೇಕಾದ ಬಾಕಿ ಅದು.

ನಮ್ಮ ಜಿಲ್ಲೆಯಲ್ಲಿ ಪ್ರಾಧಿಕಾರದ ಕಚೇರಿ ಇರುವುದು ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲಿ. ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ದುರ್ಗಕ್ಕೇ ಓಡಬೇಕಾಗಿಲ್ಲ. ಆಯಾ ತಾಲ್ಲೂಕಿನ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಅರ್ಜಿ ಬರೆಸಿಕೊಳ್ಳಲು ನೆರವು ಕೇಳಬಹುದು. ಅರ್ಜಿ ಬಂದ ಮೇಲೆ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕೆಂದು ಕಾನೂನೇ ಗಡುವು ಹಾಕಿದೆ. ಅಷ್ಟು ದಿನವೂ ತಡೆಯಲಾಗದವರಿಗೆ, ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರದ ಮೇಲೆ ತಕ್ಷಣದ ಚಿಕಿತ್ಸೆ, ಮಧ್ಯಂತರ ನೆರವು ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಹೆಣ್ಣುಮಕ್ಕಳ ಮಟ್ಟಿಗೆ ಮೊತ್ತವೂ ಸಣ್ಣದಲ್ಲ. ಸುಪ್ರೀಂ ಕೋರ್ಟು 2018ರ ಮೇ ತಿಂಗಳಲ್ಲಿ ಒಪ್ಪಿದ, ಅದೇ ವರ್ಷ ಗಾಂಧಿ ಜಯಂತಿಯಂದು ಜಾರಿಯಾದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಪ್ರಾಣಹಾನಿಗೆ 5ರಿಂದ 10 ಲಕ್ಷ, ಆಸಿಡ್ ದಾಳಿಯಲ್ಲಿ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ ಎಂದಿದೆ. ನೊಂದವಳು ಅಪ್ರಾಪ್ತೆಯಾದರೆ ಈ ಮಿತಿ ಅರ್ಧದಷ್ಟು ಏರುತ್ತದೆ. ಪೋಕ್ಸೊ ಪ್ರಕರಣಗಳಲ್ಲಿ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು. 2020ರ ನಿಯಮಗಳ ಪ್ರಕಾರ ಆದೇಶ ತಲುಪಿದ 30 ದಿನಗಳಲ್ಲಿ ಸರ್ಕಾರ ಹಣ ಕೊಡಬೇಕು. ಗಂಡಸರಿಗೂ ಪರಿಹಾರ ಉಂಟು, ಅದು ರಾಜ್ಯದ ಯೋಜನೆಯ ದರದಂತೆ.

ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಬೇಕು. ‘ಮೊದಲು ಕೌಂಟರಿನಲ್ಲಿ ದುಡ್ಡು ಕಟ್ಟಿ’ ಎಂದು ವಾಪಸು ಕಳಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಹಿರಿಯೂರಿನ ಹೆದ್ದಾರಿ

ಹಿರಿಯೂರೆಂದರೆ ಹೆದ್ದಾರಿಗಳ ಊರು. ಬೆಂಗಳೂರು–ಪುಣೆ ರಸ್ತೆ ಇಲ್ಲೇ ಹಾದುಹೋಗುತ್ತದೆ. ಅದರ ನಂಬರು 48 ಆಗಿ ಎಷ್ಟೋ ವರ್ಷಗಳಾದರೂ ನಮ್ಮ ಜನ ಇನ್ನೂ ‘ಎನ್ನೆಚ್ ಫೋರ್’ ಎಂದೇ ಕರೆಯುತ್ತಾರೆ. ಬಳ್ಳಾರಿ ಕಡೆಯ ರಸ್ತೆ ಅದನ್ನು ಸೇರುವುದೂ ಇಲ್ಲೇ. ತೋಟಕ್ಕೆ ನೀರು ಕಟ್ಟಿ ರಾತ್ರಿ ಮನೆಗೆ ಬರುವವನಿಗೆ ಯಾವುದೋ ಲಾರಿ ಗುದ್ದಿ ನಿಲ್ಲಿಸದೆ ಹೋಯಿತೆನ್ನಿ. ಆ ಲಾರಿ ಹರಿಯಾಣದ್ದೋ ತಮಿಳುನಾಡಿನದ್ದೋ, ನಂಬರು ನೋಡಿದವರು ಯಾರು? ಆರೋಪಿ ಪತ್ತೆಯಾಗದಿದ್ದರೆ ವಿಮೆಯೂ ಇಲ್ಲ, ದಾವೆಯೂ ಇಲ್ಲ, ನಮ್ಮ ಹಣೆಬರಹ ಎಂದು ಮನೆಯವರು ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಾಗಿಲ್ಲ. ಗುದ್ದಿ ಓಡಿಹೋದ ವಾಹನಗಳ ಪ್ರಕರಣಕ್ಕೆಂದೇ ಕೇಂದ್ರದ ಯೋಜನೆ ಇದೆ. ಮೊದಲು ಸಾವಿಗೆ 25,000 ರೂಪಾಯಿ, ತೀವ್ರ ಗಾಯಕ್ಕೆ 12,500 ಎಂದಿತ್ತು. 2022ರ ಏಪ್ರಿಲ್ 1ರಿಂದ ಅದು 2 ಲಕ್ಷ ಮತ್ತು 50,000 ಆಗಿದೆ. ಅರ್ಜಿ ಕೊಡಬೇಕಾದ್ದು ಕೋರ್ಟಿಗಲ್ಲ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಅವರ ವರದಿಯ ಮೇಲೆ ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಹಣ ನೇರವಾಗಿ ಬ್ಯಾಂಕಿಗೆ.

ಇಷ್ಟು ಸುಲಭವಿದ್ದರೆ ಜನ ಸಾಲುಗಟ್ಟಿರಬೇಕಲ್ಲ? ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ: 2022ರಲ್ಲಿ ದೇಶದಲ್ಲಿ ಗುದ್ದಿ ಓಡಿದ ಅಪಘಾತಗಳು 67,387. 2022–23ರಲ್ಲಿ ಬಂದ ಅರ್ಜಿಗಳು 205, ಹಣ ಸಿಕ್ಕಿದ್ದು 95 ಪ್ರಕರಣಗಳಿಗೆ. ಸೊನ್ನೆ ಬಿಟ್ಟುಹೋಗಿದೆಯೆ ಎಂದು ಎರಡನೆಯ ಸಲ ನೋಡುವಂಥ ಅಂಕಿ. ಇದನ್ನು ಕಂಡೇ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶ ಮಾಡಿತು: ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ, ಇಂಥ ಯೋಜನೆ ಇದೆ ಎಂದು ಠಾಣೆಯವರೇ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು. ಆ ಕಾಗದ ಬರದಿದ್ದರೆ ಠಾಣೆಗೆ ಹೋಗಿ ಕೇಳಬಹುದು. ಕೇಳುವುದು ಉಪಕಾರ ಬೇಡಿದಂತಲ್ಲ.

ರಾಜಿಯ ಕಟ್ಟೆ

ಚಿತ್ರದುರ್ಗ ಜಿಲ್ಲೆಯ ಜನರಲ್ಲಿ 2011ರ ಜನಗಣತಿಯಂತೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪಂಗಡದವರು. ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಹೀಗಾಗಿ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರಬೇಕಾದದ್ದು 1989ರ ದೌರ್ಜನ್ಯ ತಡೆ ಕಾಯ್ದೆ ಮತ್ತು ಅದರ 1995ರ ನಿಯಮಗಳು. 2016ರಲ್ಲಿ ತಿದ್ದುಪಡಿಯಾದ ಪಟ್ಟಿಯಂತೆ ಪರಿಹಾರ 85,000ದಿಂದ 8.25 ಲಕ್ಷ ರೂಪಾಯಿವರೆಗೆ. ಕೊಲೆಯಾದರೆ ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ಆರೋಪಪಟ್ಟಿ ಕೋರ್ಟಿಗೆ ಹೋದಾಗ ಇನ್ನರ್ಧ. ತೀರ್ಪಿಗೆ ಕಾಯಬೇಕಾಗಿಲ್ಲ. ತಕ್ಷಣದ ನೆರವಿಗೆ ಏಳು ದಿನಗಳ ಗಡುವು. ವಿಧವೆಗೆ ತಿಂಗಳಿಗೆ 5,000 ರೂಪಾಯಿ ಮೂಲ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ.

ಮೊದಲು ಹೇಳಿದ ಹೊಸದುರ್ಗದ ಹೆಂಗಸು ಈ ಸಮುದಾಯದವಳಾಗಿದ್ದು, ಪ್ರಕರಣ ಈ ಕಾಯ್ದೆಯಡಿ ದಾಖಲಾಗಿದ್ದರೆ ಅವಳಿಗೆ ಇನ್ನೂ ಒಂದು ಹಕ್ಕಿದೆ, ಇದನ್ನು ಬಲ್ಲವರು ತೀರಾ ವಿರಳ. ನಿಯಮಗಳ 11ನೇ ಅಂಶದಂತೆ ತನಿಖೆಗೆ, ವಿಚಾರಣೆಗೆ ಬಂದುಹೋಗುವ ಬಸ್ ಚಾರ್ಜು ಸರ್ಕಾರದ್ದು. ಜೊತೆಗೆ ಕೃಷಿ ಕೂಲಿಯ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದಷ್ಟು ದಿನದ ಖರ್ಚು. ಅದನ್ನು ಕೂಡಲೇ, ತಪ್ಪಿದರೆ ಮೂರು ದಿನಗಳಲ್ಲಿ ಕೊಡಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿ ಇದನ್ನೆಲ್ಲ ಪರಿಶೀಲಿಸಬೇಕು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಇಲ್ಲಿ ನೆನಪಾಗುವುದು ಸಹಜ. ಆದರೆ ವಿಳಂಬದ ನಷ್ಟ ಬರೀ ದುಡ್ಡಿನದಲ್ಲ. ಪರಿಹಾರದ ಕಡತ ಮೇಜಿನಿಂದ ಮೇಜಿಗೆ ತೆವಳುತ್ತಿರುವಾಗ, ಊರಿನಲ್ಲಿ ಇನ್ನೊಂದು ಕಚೇರಿ ಬಲು ಚುರುಕಾಗಿ ಕೆಲಸ ಮಾಡುತ್ತಿರುತ್ತದೆ. ಅರಳಿಕಟ್ಟೆಯ ಮೇಲೆ ನಾಲ್ಕು ಜನ ದೊಡ್ಡವರು ಕೂತು, ‘ಆಗಿದ್ದು ಆಗಿಹೋಯ್ತು, ಇಷ್ಟು ಇಸ್ಕೊಂಡು ಕೇಸು ಬಿಟ್ಟುಬಿಡವ್ವ, ನಾಳೆ ನೀನು ಇದೇ ಊರಲ್ಲಿ ಬಾಳ್ಬೇಕು’ ಎಂದು ಬುದ್ಧಿ ಹೇಳುತ್ತಾರೆ. ದುಡ್ಡು ಅಲ್ಲೇ, ರುಮಾಲಿನಲ್ಲಿ ಕಟ್ಟಿಟ್ಟಿರುತ್ತದೆ. ಮನೆಯಲ್ಲಿ ಒಲೆ ಹೊತ್ತಿಸಲು ಗತಿಯಿಲ್ಲದವಳು ಎಷ್ಟು ದಿನ ‘ಇಲ್ಲ’ ಅಂದಾಳು? ಆಮೇಲೆ ಸಾಕ್ಷಿ ಪ್ರತಿಕೂಲವಾಯಿತು ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ. ಸರ್ಕಾರದ ಮೊದಲ ಕಂತು ಆ ಕಟ್ಟೆಯವರಿಗಿಂತ ಮುಂಚೆ ಅವಳ ಮನೆ ಮುಟ್ಟಬೇಕು. ಗಡುವುಗಳನ್ನು ಬರೆದವರಿಗೆ ಈ ಲೋಕಜ್ಞಾನ ಇದ್ದಿರಬೇಕು ಎನಿಸುತ್ತದೆ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಕೇಂದ್ರ ಸರ್ಕಾರ ನಿರ್ಭಯಾ ನಿಧಿಯಿಂದ 2016–17ರಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಒಂದೇ ಸಲಕ್ಕೆ 200 ಕೋಟಿ ರೂಪಾಯಿ ಕೊಟ್ಟಿತು. ಉಳಿದಂತೆ ಇದು ರಾಜ್ಯದ ಬಜೆಟ್ಟಿನ ಹೊಣೆ. ಆದೇಶ ಬರೆಯುವುದು ಪ್ರಾಧಿಕಾರ, ನಿಧಿ ತುಂಬಿಸುವುದು ಸರ್ಕಾರ. ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ನಲ್ಲಿ ತಿರುಗಿಸಿ ಫಲವೇನು? ನಮ್ಮ ಶಾಸಕರು ರಸ್ತೆಗೆ, ಸಮುದಾಯ ಭವನಕ್ಕೆ ಕೇಳುವ ಪ್ರಶ್ನೆಗಳ ಜೊತೆ ಇದನ್ನೂ ಒಂದು ಅಧಿವೇಶನದಲ್ಲಿ ಕೇಳಬಹುದು.

ಅರ್ಜಿ ಹಾಕುವವರು ಪ್ರಥಮ ವರ್ತಮಾನ ವರದಿಯ ನಕಲು, ಆಸ್ಪತ್ರೆಯ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಬ್ಯಾಂಕ್ ಪಾಸ್‌ಪುಸ್ತಕ ಇಟ್ಟುಕೊಂಡಿರಬೇಕು. ವರದಿಯ ನಕಲು ಠಾಣೆಯಲ್ಲಿ ಪುಕ್ಕಟೆ. 2018ರ ಯೋಜನೆಯಡಿ ಘಟನೆ ನಡೆದ ಅಥವಾ ವಿಚಾರಣೆ ಮುಗಿದ ಮೂರು ವರ್ಷದೊಳಗೆ ಅರ್ಜಿ ಸಲ್ಲಬೇಕು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವುದೂ ಉಂಟು. ವಿಚಾರಿಸಲು ದೂರವಾಣಿ 15100. ಮಂಜೂರಾದ ಹಣದಲ್ಲಿ ನಾಲ್ಕನೇ ಒಂದು ಪಾಲು ಕೂಡಲೇ ಬಳಸಲು ಸಿಗುತ್ತದೆ, ಉಳಿದದ್ದು ಅವಳ ಹೆಸರಿನಲ್ಲೇ ಕನಿಷ್ಠ ಮೂರು ವರ್ಷ ಠೇವಣಿ. ಅಣ್ಣನಾಗಲಿ ಮೈದುನನಾಗಲಿ ಬಂದು ಕೇಳಿದರೆ, ಬ್ಯಾಂಕಿನವರು ಕೊಡುವುದಿಲ್ಲ ಎಂದು ಅವಳು ಧೈರ್ಯವಾಗಿ ಹೇಳಬಹುದು.