ಹಸ್ತಪ್ರತಿ ಸಂಪಾದನೆಯಲ್ಲಿ ಮುಕ್ತ ತಂತ್ರಾಂಶದ ವಿನಿಯೋಗ

ಒಂದು ಕೃತಿಯ ನಾಲ್ಕಾರು ಓಲೆಪ್ರತಿಗಳನ್ನು ಮುಂದಿರಿಸಿಕೊಂಡು ಪಾಠಾಂತರಗಳನ್ನು ಗುರುತಿಸುವ ಕಾರ್ಯವು ಎಷ್ಟು ಶ್ರಮಸಾಧ್ಯವೆಂಬುದು ಗ್ರಂಥಸಂಪಾದಕರಿಗೆ ವಿದಿತವೇ ಇದೆ. ಈ ಶ್ರಮದ ಯಾಂತ್ರಿಕ ಭಾಗವನ್ನು ಗಣಕಕ್ಕೆ ವಹಿಸುವುದು ಇಂದು ಸಾಧ್ಯವಾಗಿದೆ. ಆದರೆ ಲಿಪಿಕಾರನು ಮಾಡಬಹುದಾದ ಪ್ರಮಾದಗಳನ್ನು ಗಣಕವೂ ಮಾಡಬಲ್ಲುದು. ಅದೂ ಸದ್ದಿಲ್ಲದೆ, ಸಹಸ್ರ ಸ್ಥಳಗಳಲ್ಲಿ ಏಕಕಾಲಕ್ಕೆ. ಆದುದರಿಂದ ಅದರ ನಡೆಯನ್ನು ಪರೀಕ್ಷಿಸಲು ಅವಕಾಶವಿರುವ ಸಾಧನಗಳನ್ನೇ ಆರಿಸಿಕೊಳ್ಳುವುದು ವಿಹಿತ.

ಅಂತಹ ಸಾಧನಗಳಿಗೆ ಮುಕ್ತ ತಂತ್ರಾಂಶವೆಂದು ಹೆಸರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯ ಮಾದರಿಯಲ್ಲಿ, ಎಲ್ಲರೂ ಓದಿ ತಿದ್ದಬಹುದಾದ ವ್ಯವಸ್ಥೆಯೊಂದನ್ನು ರಚಿಸುವುದಾಗಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದರು. ಒಂದು ಸಣ್ಣ ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಒಂದರ ಫಲ ಮತ್ತೊಂದಕ್ಕೆ ಸಾಮಗ್ರಿಯಾಗಬೇಕು ಎಂಬುದು ಈ ಪರಂಪರೆಯ ಸೂತ್ರ. ಹುಡುಕುವ ಗ್ರೆಪ್, ಭೇದ ತೋರುವ ಡಿಫ್, ಅಕಾರಾದಿಗೊಳಿಸುವ ಸಾರ್ಟ್, ಬದಲಿಸುವ ಸೆಡ್ ಇವು ಸಂಪಾದಕನಿಗೆ ಮುಖ್ಯವಾದವು.

ಮೊದಲು ಅಕ್ಷರದ ವಿಚಾರ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಚ್ಚುಗಳಲ್ಲಿ ಸಿದ್ಧವಾದ ಕಡತಗಳು ಅಕ್ಷರವನ್ನಲ್ಲ, ಅದರ ಆಕೃತಿಯ ತುಂಡುಗಳನ್ನು ಕಾಯ್ದಿರಿಸುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಮುಂದಿನ ಕೆಲಸ. ಯೂನಿಕೋಡಿನಲ್ಲಿಯೂ ತೊಡಕಿಲ್ಲದಿಲ್ಲ. ‘ಕೋಶ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್‌ಗೆ ಮಾತ್ರ ಬೇರೆ ಬೇರೆ. ಅರ್ಕಾವೊತ್ತು ಬೇಡವೆಂದು ಸೇರಿಸುವ ಅದೃಶ್ಯ ಸಂಯೋಜಕ ಚಿಹ್ನೆಯೂ ಹೀಗೆಯೇ ಶಬ್ದವನ್ನು ಹುಡುಕುವವನಿಂದ ಮರೆಮಾಡುತ್ತದೆ. ಕಡತವು ಕೈಸೇರಿದೊಡನೆ ಯೂಕಾನ್ವ್ ಎಂಬ ಉಪಕರಣದಿಂದ ಒಡೆದ ಚಿಹ್ನೆಗಳನ್ನು ಸಂಯುಕ್ತ ರೂಪಕ್ಕೆ ತಂದುಕೊಳ್ಳತಕ್ಕದ್ದು. ಇದರಿಂದ ಪಾಠಕ್ಕೆ ಹಾನಿಯಿಲ್ಲ.

ೞಕಾರದ ಕಥೆ ಸ್ವಾರಸ್ಯವಾಗಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಪ್ರಮಾದವಶಾತ್ ‘ಫ’ಕಾರವೆಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದುದನ್ನು ಪಕ್ಕದಲ್ಲಿ ಪರ್ಯಾಯನಾಮವಾಗಿ ದಾಖಲಿಸಿದ್ದಾರೆ. ಮೂಲಪಾಠವನ್ನು ಉಳಿಸಿ ತಿದ್ದುಪಡಿಯನ್ನು ಅಡಿಯಲ್ಲಿ ಕೊಡುವ ಸಂಪಾದಕರಿಗೆ ಇದು ಅಪರಿಚಿತ ಪದ್ಧತಿಯೇನಲ್ಲ. ಅಲ್ಲದೆ ಈ ಅಕ್ಷರದ ಸ್ಥಾನವು ಳಕಾರದ ಬಳಿಯಿಲ್ಲದೆ ಹಕಾರ ಮತ್ತು ಸ್ವರಚಿಹ್ನೆಗಳ ಆಚೆಗಿದೆ. ಕನ್ನಡದ ಕ್ರಮವನ್ನು ಸೂಚಿಸದೆ ಸಾರ್ಟ್ ಉಪಯೋಗಿಸಿದರೆ ಶಬ್ದಸೂಚಿಯಲ್ಲಿ ೞಕಾರದ ಮಾತುಗಳು ಕೊನೆಗೆ ಹೋಗಿ ಬೀಳುತ್ತವೆ. ಹಳೆಯ ಪ್ರತಿಗಳಲ್ಲಿ ಕಾಣುವ ನಕಾರದ ಪೊಲ್ಲಿಗೆ 2021ರಲ್ಲಿ ಪ್ರತ್ಯೇಕ ಸಂಕೇತ ದೊರೆಯಿತು. ಆದರೆ ಎಲ್ಲ ಅಚ್ಚುಗಳಲ್ಲಿಯೂ ಅದರ ಆಕೃತಿಯಿಲ್ಲ. ತೆರೆಯ ಮೇಲೆ ಬರಿಯ ಚೌಕ ಕಂಡಿತೆಂದು ಅದನ್ನು ಅಳಿಸಿಬಿಡಬಾರದು.

ಇನ್ನು ಪ್ರತಿಲೇಖನ. ಅಲಂಕಾರವಿಲ್ಲದ ಸರಳ ಪಠ್ಯಕಡತವೇ ಉತ್ತಮ. ಡಿಫ್ ಸಾಲು ಸಾಲಾಗಿ ಹೋಲಿಸುವುದರಿಂದ, ಪದ್ಯದ ಒಂದು ಪಾದಕ್ಕೆ ಒಂದು ಸಾಲೆಂದು ಗೊತ್ತುಮಾಡಿ, ಎಲ್ಲ ಪ್ರತಿಗಳಲ್ಲಿಯೂ ಪದ್ಯಸಂಖ್ಯೆಯನ್ನು ಏಕರೂಪವಾಗಿ ಬರೆಯಬೇಕು. ಓಲೆಯ ಸಂಖ್ಯೆ ಮತ್ತು ಪಾರ್ಶ್ವವನ್ನು ಪದ್ಯಸಂಖ್ಯೆಯೊಡನೆ ಬೆರೆಸದೆ ಬೇರೊಂದು ಕಡತದಲ್ಲಿಡುವುದು ಲೇಸು. ಇಲ್ಲವಾದರೆ ಪ್ರತಿಯೊಂದು ಸಾಲೂ ಭಿನ್ನಪಾಠವೆಂದೇ ತೋರುತ್ತದೆ. ತ್ರುಟಿತ ಸ್ಥಳಕ್ಕೆ ಚುಕ್ಕಿಗಳನ್ನು ಹಾಕುವ ರೂಢಿಯನ್ನು ಇಲ್ಲಿ ಬಿಡಬೇಕು. ಗ್ರೆಪ್‌ನ ಭಾಷೆಯಲ್ಲಿ ಚುಕ್ಕಿಯೆಂದರೆ ‘ಯಾವುದಾದರೊಂದು ಸಂಕೇತ’.

ಎರಡು ಪ್ರತಿಗಳನ್ನು ಹಾಗೆಯೇ ಹೋಲಿಸಿದರೆ ನಿಜವಾದ ಪಾಠಾಂತರಗಳು ಬರವಣಿಗೆಯ ಭೇದಗಳಲ್ಲಿ ಮುಳುಗಿಹೋಗುತ್ತವೆ. ಒಂದರಲ್ಲಿ ‘ಕರ್ಮ್ಮ’, ಇನ್ನೊಂದರಲ್ಲಿ ‘ಕರ್ಮ’. ಒಂದರಲ್ಲಿ ‘ಅಙ್ಗ’, ಇನ್ನೊಂದರಲ್ಲಿ ‘ಅಂಗ’. ರೇಫದ ಮುಂದೆ ಇಮ್ಮಡಿಸಿದ ವ್ಯಂಜನವನ್ನು ಒಂದಾಗಿಸುವ ನಿಯಮವನ್ನು ಸೆಡ್‌ನಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ಆದರೆ ಆ ನಿಯಮಕ್ಕೆ ‘ವರ್ದ್ಧಮಾನ’, ‘ತೀರ್ತ್ಥ’ ಸಿಕ್ಕುವುದಿಲ್ಲ. ಇಲ್ಲಿ ಇಮ್ಮಡಿಸಿದ ಅಕ್ಷರಗಳು ಅಲ್ಪಪ್ರಾಣ ಮಹಾಪ್ರಾಣಗಳಾದುದರಿಂದ ಗಣಕಕ್ಕೆ ಅವು ಬೇರೆ ಬೇರೆ. ವರ್ಗಕ್ಕೊಂದರಂತೆ ಇನ್ನೊಂದು ನಿಯಮ ಬೇಕು. ಈ ನಿಯಮಗಳನ್ನು ಪ್ರಯೋಗಿಸುವುದು ನಕಲಿನ ಮೇಲೆ ಮಾತ್ರ. ಸೆಡ್‌ಗೆ ಮೂಲಕಡತವನ್ನೇ ತಿದ್ದುವ ವಿಕಲ್ಪವೊಂದಿದೆ. ಪ್ರತಿಲೇಖನದ ವಿಷಯದಲ್ಲಿ ಅದು ಸರ್ವಥಾ ವರ್ಜ್ಯ. ನಿಯಮಗಳ ಕಡತವನ್ನು ಸಹ ಉಳಿಸಿಕೊಳ್ಳಬೇಕು, ಏಕೆಂದರೆ ಯಾವ ಭೇದಗಳನ್ನು ಗಣಿಸಿಲ್ಲವೆಂಬುದಕ್ಕೆ ಅದೇ ಪ್ರಮಾಣ. ೞಕಾರ ಳಕಾರಗಳನ್ನು, ಱಕಾರ ರಕಾರಗಳನ್ನು ಒಂದಾಗಿಸುವ ನಿಯಮವನ್ನು ಮಾತ್ರ ಸೇರಿಸದಿರುವುದೇ ಕ್ಷೇಮ. ಪ್ರತಿಯ ಕಾಲನಿರ್ಣಯಕ್ಕೆ ನೆರವಾಗುವ ಸಾಕ್ಷ್ಯ ಅಲ್ಲಿಯೇ ಅಡಗಿರುತ್ತದೆ. ಎರಡಕ್ಕಿಂತ ಹೆಚ್ಚು ಪ್ರತಿಗಳಿದ್ದಲ್ಲಿ ಕೊಲೇಟ್‌ಎಕ್ಸ್ ಎಂಬ ಮುಕ್ತ ತಂತ್ರಾಂಶವು ಪದಪದವಾಗಿ ಸಾಲುಗೂಡಿಸಿ ಕೊಡುತ್ತದೆ.

ಕ್ರಮವಿಧಿಯನ್ನು ತಾವೇ ರಚಿಸಬಯಸುವವರಿಗೆ ಛಂದಸ್ಸು ಒಳ್ಳೆಯ ಅಭ್ಯಾಸಭೂಮಿ. ಕಂದದ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆಗಳೆಂಬುದು ನಿಶ್ಚಿತವಾದುದರಿಂದ, ಪೈಥಾನ್ ಭಾಷೆಯ ಚಿಕ್ಕದೊಂದು ಕ್ರಮವಿಧಿಯು ಮಾತ್ರೆ ತಪ್ಪಿದ ಪಾದಗಳನ್ನೆಲ್ಲ ಕ್ಷಣದಲ್ಲಿ ಎತ್ತಿಕೊಡುತ್ತದೆ. ಗಣಕದ ‘ಅಕ್ಷರ’ವೇ ಪಂಡಿತರ ಅಕ್ಷರವಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. ‘ಕರ್ಮ್ಮ’ದಲ್ಲಿ ನಮ್ಮ ಎಣಿಕೆಗೆ ಅಕ್ಷರಗಳು 2, ಗಣಕದ ಎಣಿಕೆಗೆ ಸಂಕೇತಗಳು 6. ವ್ಯಂಜನ, ಅದರ ಒತ್ತುಗಳು, ಸ್ವರಚಿಹ್ನೆ, ಅನುಸ್ವಾರ ವಿಸರ್ಗಗಳು ಸೇರಿ ಒಂದು ಅಕ್ಷರವೆಂಬ ಲಕ್ಷಣವನ್ನು ಅದಕ್ಕೆ ಬರೆದುಕೊಡಬೇಕು. ಪದಾಂತ್ಯದ ವ್ಯಂಜನವು ಹಿಂದಿನ ಅಕ್ಷರವನ್ನು ಗುರುವಾಗಿಸುವುದೆಂದೂ, ಪದಗಳ ನಡುವಣ ತೆರಪನ್ನು ಗಣಿಸಬಾರದೆಂದೂ ತಿಳಿಸಬೇಕು. ಸಂಪಾದಕನು ಸಂಧಿಯನ್ನು ಬಿಡಿಸಿ ಬರೆದಿದ್ದರೆ ಈ ಎಣಿಕೆ ಕೆಡುತ್ತದೆ.

ಶಿಥಿಲದ್ವಿತ್ವದಲ್ಲಿ ಕ್ರಮವಿಧಿಯು ನಿಶ್ಚಯವಾಗಿ ಎಡವುತ್ತದೆ. ಕೇಶಿರಾಜನು ಲಕ್ಷಣ ಹೇಳಿರುವ ಈ ವಿಶೇಷದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದರಿಂದ, ಶುದ್ಧವಾದ ಪಾದವೂ ಒಂದು ಮಾತ್ರೆ ಹೆಚ್ಚಾಗಿ ತೋರುತ್ತದೆ. ಆದಕಾರಣ ಅದು ಸಂದೇಹಸ್ಥಳಗಳ ಪಟ್ಟಿಯನ್ನು ಕೊಡಲಿ. ತಿದ್ದುವ ಅಧಿಕಾರವನ್ನು ಅದಕ್ಕೆ ಕೊಡಬಾರದು.

ತಿದ್ದುಪಡಿಗಳ ಇತಿಹಾಸವನ್ನು ಕಾಯುವುದಕ್ಕೆ 2005ರಲ್ಲಿ ಟೋರ್ವಾಲ್ಡ್ಸರೇ ರಚಿಸಿದ ಗಿಟ್ ಎಂಬ ಸಾಧನವಿದೆ. ಯಾರು, ಎಂದು, ಏನನ್ನು ಬದಲಿಸಿದರೆಂಬುದನ್ನು ಅದು ದಾಖಲಿಸುತ್ತದೆ. ಏಕೆ ಎಂಬುದನ್ನು ಸಂಪಾದಕನು ಬರೆಯಬೇಕು. ಲಿಪಿಕಾರನ ಪುಷ್ಪಿಕೆಯು ಪ್ರತಿಗೆ ಒಂದೇ ಬಾರಿ ಬರುತ್ತದೆ. ಇಲ್ಲಿ ಪ್ರತಿಯೊಂದು ತಿದ್ದುಪಡಿಗೂ ಒಂದು ಪುಷ್ಪಿಕೆ. ‘ತಪ್ಪು ತಿದ್ದಿದೆ’ ಎಂಬ ಟಿಪ್ಪಣಿಯಿಂದ ಪ್ರಯೋಜನವಿಲ್ಲ. ‘12ನೆಯ ಓಲೆ, ಹಿಂಬದಿ, ಪ್ರತಿಯಲ್ಲಿ ಱಕಾರ ಸ್ಪಷ್ಟ’ ಎಂಬಂತಿರಬೇಕು. ಓಲೆಗಳ ಛಾಯಾಚಿತ್ರಗಳು ಬೃಹದಾಕಾರದವಾದುದರಿಂದ ಅವನ್ನು ಗಿಟ್‌ನೊಳಗೆ ತುಂಬದೆ ಬೇರೆಯಾಗಿ ಎರಡು ಸ್ಥಳಗಳಲ್ಲಿಟ್ಟು, ಚಿತ್ರದ ಹೆಸರಿನಲ್ಲಿಯೇ ಓಲೆಯ ಸಂಖ್ಯೆ ಪಾರ್ಶ್ವಗಳನ್ನು ನಮೂದಿಸಿದರೆ, ಟಿಪ್ಪಣಿಯಿಂದ ಓಲೆಗೆ ನೇರವಾಗಿ ಹೋಗಬಹುದು.