ಬೆಂಕಿ ಆರಿಸುವವರ ಅಂಕಪಟ್ಟಿ

ಊರಿನಲ್ಲಿ ಬೆಂಕಿ ಬಿದ್ದಾಗ ಸದ್ದು ಮಾಡುತ್ತ ಧಾವಿಸಿ ಬರುವ ಕೆಂಪು ವಾಹನವನ್ನು ನೀವೆಲ್ಲರೂ ಕಂಡಿದ್ದೀರಿ. ಅದರಿಂದ ಧುಮುಕಿ ಏಣಿ ಹತ್ತುವ ಆಳನ್ನು ಯಾರು ಆರಿಸಿದರು, ಹೇಗೆ ಆರಿಸಿದರು ಎಂಬ ಯೋಚನೆ ಆ ಗಳಿಗೆಯಲ್ಲಿ ಯಾರಿಗೂ ಬರುವುದಿಲ್ಲ. ಆದರೆ ಅವನು ಆ ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದು ಎಷ್ಟೋ ವರ್ಷ ಮೊದಲೇ ಪರೀಕ್ಷೆಯ ಕೊಠಡಿಯಲ್ಲಿ ತೀರ್ಮಾನವಾಗಿರುತ್ತದೆ. ಅಮೆರಿಕದ ನಗರಗಳಲ್ಲಿ ಈ ತೀರ್ಮಾನ ನಡೆಯುವ ಬಗೆಯನ್ನು ತಿಳಿಯುವುದು ಸ್ವಾರಸ್ಯಕರವಾಗಿದೆ.

ಹಿಂದೆ ಅಲ್ಲಿ ಚುನಾವಣೆಯಲ್ಲಿ ಗೆದ್ದ ಪಕ್ಷ ತನ್ನ ಕಡೆಯವರಿಗೆ ಸರ್ಕಾರಿ ಚಾಕರಿಗಳನ್ನು ಹಂಚುವ ವಾಡಿಕೆಯಿತ್ತು. ವಶೀಲಿಯಿದ್ದವನಿಗೆ ಕೆಲಸ, ಇಲ್ಲದವನಿಗೆ ಬಾಗಿಲು. 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್ ಅವರನ್ನು ಗುಂಡಿಟ್ಟು ಕೊಂದವನು ಕೆಲಸ ಸಿಗದೆ ನಿರಾಶನಾದ ಒಬ್ಬ ಉಮೇದುವಾರ. ಆ ಘಟನೆಯಿಂದ ಜನಾಭಿಪ್ರಾಯ ಕೆರಳಿತು. 1883ರಲ್ಲಿ ಕೇಂದ್ರ ಸರ್ಕಾರದ ನೌಕರಿಗಳಿಗೆ ಪರೀಕ್ಷೆಯನ್ನು ವಿಧಿಸುವ ಪೆಂಡಲ್‌ಟನ್ ಕಾಯಿದೆ ಬಂದಿತು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವೂ ಇಂಥದೇ ಕಾನೂನನ್ನು ಮಾಡಿತು. ಕಾಲಕ್ರಮದಲ್ಲಿ ನಗರಗಳ ಅಗ್ನಿಶಾಮಕ ದಳಗಳೂ ಈ ಕಟ್ಟಿಗೆ ಒಳಪಟ್ಟವು.

ಈಗ ನ್ಯೂಯಾರ್ಕಿನ ಲೆಕ್ಕವನ್ನು ನೋಡಿ. ಮೊದಲು ಪರೀಕ್ಷೆಯ ಅಂಕ. ತೇರ್ಗಡೆಯಾದವರಿಗೆ ಮಾತ್ರ ಅದರ ಮೇಲೆ ಕೆಲವು ಹೆಚ್ಚುವರಿ ಅಂಕಗಳು ಸೇರುತ್ತವೆ. ನಗರದ ನಿವಾಸಿಗೆ 5. ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವನಿಗೆ 5, ಅಲ್ಲಿ ಗಾಯಗೊಂಡು ಅಂಗವಿಕಲನಾದವನಿಗೆ 10. ಕರ್ತವ್ಯದಲ್ಲಿರುವಾಗ ಪ್ರಾಣ ತೆತ್ತ ಅಗ್ನಿಶಾಮಕ ಅಥವಾ ಪೊಲೀಸನ ಮಕ್ಕಳಿಗೆ 10. 2001ರ ಸೆಪ್ಟೆಂಬರ್ 11ರಂದು ಒಂದೇ ದಿನ ಆ ನಗರದ ದಳದ 343 ಮಂದಿ ಮಡಿದರೆಂಬುದನ್ನು ನೆನೆದರೆ ಈ ಕೊನೆಯ ಅಂಕಗಳ ಭಾರ ನಿಮಗೆ ತಿಳಿದೀತು.

ಹೀಗೆ ಕೂಡಿಸಿದ ಮೊತ್ತದ ಮೇಲೆ ಪಟ್ಟಿ ಸಿದ್ಧವಾಗುತ್ತದೆ. 96 ಅಂಕ ಪಡೆದ ಹೊರ ಊರಿನವನಿಗಿಂತ 92 ಪಡೆದ ನಗರವಾಸಿ 97ರೊಡನೆ ಮೇಲೆ ನಿಲ್ಲುತ್ತಾನೆ. ಪಟ್ಟಿಯ ಆಯುಷ್ಯ ಹೆಚ್ಚೆಂದರೆ ನಾಲ್ಕು ವರ್ಷ. ಸರದಿ ಬರುವುದರೊಳಗೆ ಅದು ಮುಗಿದುಹೋದರೆ ಮತ್ತೆ ಹೊಸದಾಗಿ ಪರೀಕ್ಷೆ ಬರೆಯಬೇಕು. ಸರದಿ ಬಂದಾಗಲೂ ನೇಮಕಾಧಿಕಾರಿಗೆ ಸ್ವಲ್ಪ ಆಯ್ಕೆಯುಂಟು: ಮೇಲಿನ ಮೂವರಲ್ಲಿ ಒಬ್ಬನನ್ನು ತೆಗೆದುಕೊಳ್ಳಬಹುದು. ಇದಕ್ಕೆ ‘ಮೂವರ ನಿಯಮ’ವೆಂದು ಹೆಸರು.

‘ಏಣಿ ಹತ್ತುವವನಿಗೆ ಲೇಖನಿಯ ಪರೀಕ್ಷೆ ಸಾಕೆ?’ ಎಂದು ನೀವು ಕೇಳಬಹುದು. ಸಾಲದು. ಅನೇಕ ನಗರಗಳು 1999ರಲ್ಲಿ ಅಗ್ನಿಶಾಮಕರ ಸಂಘವೂ ದಳದ ಮುಖ್ಯಸ್ಥರ ಸಂಘವೂ ಕೂಡಿ ರೂಪಿಸಿದ ದೇಹಸಾಮರ್ಥ್ಯದ ಪರೀಕ್ಷೆಯನ್ನು ನಡೆಸುತ್ತವೆ. 50 ಪೌಂಡು ತೂಕದ ಅಂಗಿ ತೊಟ್ಟು ಮೆಟ್ಟಿಲು ಹತ್ತುವುದು, ನೀರಿನ ಕೊಳವೆ ಎಳೆಯುವುದು, ಏಣಿ ಎತ್ತುವುದು, ಕತ್ತಲೆಯ ಸುರಂಗದಲ್ಲಿ ತೆವಳುವುದು, 165 ಪೌಂಡಿನ ಬೊಂಬೆಯನ್ನು ಎಳೆದು ತರುವುದು—ಇಂಥ ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಇಲ್ಲಿ ಪಾಸು ಅಥವಾ ಫೇಲು, ಎರಡೇ. ಬೇಗ ಮುಗಿಸಿದವನಿಗೆ ಹೆಚ್ಚು ಅಂಕವಿಲ್ಲ.

ಲಿಖಿತ ಪರೀಕ್ಷೆಯ ಒಂದೊಂದು ಅಂಕಕ್ಕೂ ಅಷ್ಟು ಬೆಲೆ ಕೊಡುವುದು ಸರಿಯೆ? 94 ಪಡೆದವನು 93 ಪಡೆದವನಿಗಿಂತ ಬೆಂಕಿಯಲ್ಲಿ ಹೆಚ್ಚು ಚುರುಕೆಂದು ಹೇಳಬಲ್ಲವರು ಯಾರು? ಷಿಕಾಗೋ ನಗರ ಇನ್ನೊಂದು ದಾರಿ ಹಿಡಿಯಿತು. 1995ರಲ್ಲಿ ಅಲ್ಲಿ 26,000ಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. 89 ಮತ್ತು ಅದಕ್ಕೆ ಮೇಲ್ಪಟ್ಟವರು ‘ಬಹಳ ಅರ್ಹರು’, 65ರಿಂದ 88ರವರೆಗಿನವರು ‘ಅರ್ಹರು’, ಅದಕ್ಕಿಂತ ಕೆಳಗಿನವರು ಅನುತ್ತೀರ್ಣರು. ಮೊದಲ ಗುಂಪಿನಿಂದ ಚೀಟಿ ಎತ್ತಿದಂತೆ ಹೆಸರುಗಳನ್ನು ತೆಗೆದು, ಆ ಗುಂಪು ಮುಗಿದ ಮೇಲೆಯೇ ಎರಡನೆಯದಕ್ಕೆ ಕೈಹಾಕಿದರು. ಆದರೆ 88ಕ್ಕೂ 89ಕ್ಕೂ ನಡುವೆ ಎಳೆದ ಗೆರೆಯೇ ವ್ಯಾಜ್ಯಕ್ಕೆ ಕಾರಣವಾಯಿತು. ಆ ಗೆರೆಯಿಂದ ಕರಿಯ ಜನಾಂಗದ ಉಮೇದುವಾರರಿಗೆ ಅನ್ಯಾಯವಾಯಿತೆಂಬ ಮೊಕದ್ದಮೆ 2010ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹಳೆಯ ಪಟ್ಟಿಯನ್ನು ಬಳಸಿದ ಪ್ರತಿಸಲವೂ ದೂರು ಕೊಡಲು ಅವಕಾಶವುಂಟೆಂದು ಕೋರ್ಟು ಹೇಳಿತು.

ನ್ಯೂ ಹೇವನ್ ನಗರದ ಕಥೆ ಇದಕ್ಕೆ ಪ್ರತಿಯಾದದ್ದು. ಅಲ್ಲಿ 2003ರಲ್ಲಿ 118 ಅಗ್ನಿಶಾಮಕರು ಬಡ್ತಿಯ ಪರೀಕ್ಷೆಗೆ ಕುಳಿತರು. ಲಿಖಿತಕ್ಕೆ ನೂರಕ್ಕೆ 60, ಮೌಖಿಕಕ್ಕೆ 40ರ ತೂಕ. ಫಲಿತಾಂಶ ಬಂದಾಗ, ಮೂವರ ನಿಯಮದಂತೆ ಕೂಡಲೇ ಬಡ್ತಿ ಪಡೆಯಬಲ್ಲವರಲ್ಲಿ ಕರಿಯರು ಒಬ್ಬರೂ ಇರಲಿಲ್ಲ. ಮೊಕದ್ದಮೆಗೆ ಅಂಜಿ ನಗರವು ಫಲಿತಾಂಶವನ್ನೇ ಕೈಬಿಟ್ಟಿತು. ಹಗಲಿರುಳು ಓದಿ ಮೇಲೆ ಬಂದವರು ಸುಮ್ಮನಿರುತ್ತಾರೆಯೆ? ಅವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಐವರು–ನಾಲ್ವರ ಬಹುಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು.

ಎರಡು ಕಡೆಯ ನೋವೂ ನಿಜವಾದದ್ದೇ. ವಶೀಲಿಯ ಬಾಗಿಲನ್ನು ಮುಚ್ಚಲು ಅಂಕಪಟ್ಟಿ ಬೇಕು. ಅದಿಲ್ಲದಿದ್ದರೆ ಹಿಂದಿನ ಕಾಲವೇ ಮರಳೀತು. ಆದರೆ ತಕ್ಕಡಿ ನೆಟ್ಟಗಿದ್ದರೆ ಸಾಲದು, ತೂಗಬೇಕಾದ ಗುಣವನ್ನೇ ಅದರಲ್ಲಿ ಇಟ್ಟಿದ್ದೇವೆಯೆ ಎಂಬುದನ್ನೂ ನೋಡಬೇಕು. ಹೊಗೆ ತುಂಬಿದ ಮನೆಯಲ್ಲಿ ಸಿಕ್ಕಿಬಿದ್ದವನಿಗೆ ಬರುವವನ ಕ್ರಮಸಂಖ್ಯೆ ಬೇಕಿಲ್ಲ. ಅವನಿಗೆ ಬೇಕಾದದ್ದು ಹಾದಿ ತಪ್ಪದ ಬುದ್ಧಿ, ಸೋಲದ ತೋಳು. ಇವೆರಡನ್ನೂ ಅಳೆಯಬಲ್ಲ ಪರೀಕ್ಷೆಯನ್ನು ಆ ನಗರಗಳು ಇಂದಿಗೂ ತಿದ್ದಿ ತಿದ್ದಿ ರೂಪಿಸುತ್ತಲೇ ಇವೆ.