ಮದ್ದು ಬೇಕೆ, ಬೇಡವೆ?

ಒಬ್ಬಾಕೆಗೆ ಸ್ತನದ ಕ್ಯಾನ್ಸರು ಮೊದಲ ಹಂತದಲ್ಲಿಯೇ ಪತ್ತೆಯಾಯಿತೆಂದು ಭಾವಿಸೋಣ. ಶಸ್ತ್ರವೈದ್ಯರು ಗಡ್ಡೆಯನ್ನು ಪೂರ್ಣವಾಗಿ ತೆಗೆದಿದ್ದಾರೆ, ಕಂಕುಳಿನ ದುಗ್ಧರಸ ಗ್ರಂಥಿಗಳಲ್ಲಿ ರೋಗದ ಸುಳಿವಿಲ್ಲ, ಗಾಯವೂ ಮಾಯ್ದಿದೆ. ಆಗ ವೈದ್ಯರು ಇನ್ನೊಂದು ಮಾತನ್ನೆತ್ತುತ್ತಾರೆ: ಇನ್ನು ಕೆಲವು ತಿಂಗಳು ಕೀಮೋಥೆರಪಿ, ಎಂದರೆ ರಾಸಾಯನಿಕ ಚಿಕಿತ್ಸೆ, ನಡೆಯಬೇಕೆ, ಬೇಡವೆ? ಕಣ್ಣಿಗೆ ಕಾಣುವ ರೋಗವೇ ಉಳಿದಿರದ ದೇಹಕ್ಕೆ ಅಷ್ಟು ಉಗ್ರವಾದ ಮದ್ದೇಕೆ ಎಂದು ಯಾರಿಗಾದರೂ ತೋರುವುದು ಸಹಜ.

ರೈತನು ಹೊಲದ ಕಳೆಯನ್ನು ಬೇರುಸಹಿತ ಕಿತ್ತು ಬದುವಿಗೆ ಎಸೆದನೆನ್ನಿ. ಕೀಳುವ ಮೊದಲೇ ಅದು ಬೀಜ ಉದುರಿಸಿತ್ತೆ, ಇಲ್ಲವೆ ಎಂಬುದು ಮುಂದಿನ ಮಳೆಯವರೆಗೆ ತಿಳಿಯದು. ಸ್ತನದ ಕ್ಯಾನ್ಸರಿನ ಸಂಗತಿಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ರೋಗವು ಸ್ತನದಿಂದ ಗ್ರಂಥಿಗಳಿಗೆ, ಅಲ್ಲಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬುವುದೆಂದು ನಂಬಿದ್ದನು. ಆದಕಾರಣ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಕತ್ತರಿಸಿ ತೆಗೆಯುತ್ತಿದ್ದನು. ಇಷ್ಟಾದರೂ ಎಷ್ಟೋ ಮಂದಿಗೆ ವರ್ಷಗಳ ಅನಂತರ ಮೂಳೆಯಲ್ಲಿಯೋ ಯಕೃತ್ತಿನಲ್ಲಿಯೋ ರೋಗವು ತಲೆಯೆತ್ತುತ್ತಿತ್ತು. ಕ್ಯಾನ್ಸರಿನ ಕೋಶಗಳು ಬಹು ಮೊದಲೇ ರಕ್ತಕ್ಕೆ ಇಳಿದಿರಬಲ್ಲವು ಎಂದು ಇಪ್ಪತ್ತನೆಯ ಶತಮಾನದಲ್ಲಿ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ವಾದಿಸಿದರು. ಕತ್ತಿ ತಲುಪದ ಕಡೆಗೆ, ರಕ್ತದೊಡನೆ ಹರಿಯುವ ಮದ್ದು ಮಾತ್ರ ತಲುಪಬಲ್ಲದು.

ಆ ಮದ್ದಿನ ಹುಟ್ಟೇ ಒಂದು ವಿಚಿತ್ರ ಕಥೆ. ಯುದ್ಧದ ಸಾಸಿವೆ ಅನಿಲದ ಬಳಗಕ್ಕೆ ಸೇರಿದ ನೈಟ್ರೋಜನ್ ಮಸ್ಟರ್ಡ್ ಎಂಬ ವಸ್ತುವನ್ನು 1942ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು ಒಬ್ಬ ಕ್ಯಾನ್ಸರ್ ರೋಗಿಯ ಮೇಲೆ ಪ್ರಯೋಗಿಸಿದರು. ಸೈಕ್ಲೋಫಾಸ್ಫಮೈಡ್ ಅದೇ ವಂಶದ ಔಷಧ. ಇದರೊಡನೆ ಮಿಥೋಟ್ರೆಕ್ಸೇಟ್ ಮತ್ತು ಫ್ಲೋರೋಯುರಾಸಿಲ್‌ಗಳನ್ನು ಕೂಡಿಸಿ, ಇಟಲಿಯ ಮಿಲಾನ್ ನಗರದ ಜಾನಿ ಬೊನಡೋನ ಮತ್ತು ಸಂಗಡಿಗರು ಗ್ರಂಥಿಗಳಿಗೂ ರೋಗ ಹಬ್ಬಿದ್ದ ಸ್ತ್ರೀಯರಿಗೆ ಶಸ್ತ್ರಚಿಕಿತ್ಸೆಯ ಅನಂತರ ಕೊಟ್ಟರು. 1976ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 27 ತಿಂಗಳ ಅವಧಿಯಲ್ಲಿ, ಮದ್ದು ಪಡೆಯದ 179 ಮಂದಿಯಲ್ಲಿ ನೂರಕ್ಕೆ 24ರಷ್ಟು ಜನರಿಗೆ ರೋಗ ಮರುಕಳಿಸಿತು; ಮದ್ದು ಪಡೆದ 207 ಮಂದಿಯಲ್ಲಿ ಅದು ನೂರಕ್ಕೆ 5.3 ಮಾತ್ರ. ಅಂದಿನಿಂದ ಈ ಚಿಕಿತ್ಸೆ ಲೋಕದಲ್ಲೆಲ್ಲ ಹರಡಿತು. ಗ್ರಂಥಿಗಳಿಗೆ ರೋಗ ತಟ್ಟದವರಿಗೂ ಕ್ರಮೇಣ ವಿಸ್ತರಿಸಿತು.

ಆದರೆ ಈ ಮದ್ದಿಗೆ ಮಿತ್ರ ಶತ್ರು ಎಂಬ ಭೇದ ಚೆನ್ನಾಗಿ ತಿಳಿಯದು. ಬೇಗ ಬೇಗ ವಿಭಜನೆಗೊಳ್ಳುವ ಕೋಶಗಳನ್ನೆಲ್ಲ ಅದು ಹೊಡೆಯುತ್ತದೆ. ಕೂದಲಿನ ಬುಡ, ಕರುಳಿನ ಒಳಪೊರೆ, ರಕ್ತವನ್ನು ತಯಾರಿಸುವ ಮಜ್ಜೆ, ಇವುಗಳ ಕೋಶಗಳೂ ಅಂಥವೇ. ಕೂದಲು ಉದುರುವುದು, ವಾಕರಿಕೆ, ಸೋಂಕಿನ ಭಯ, ಇವು ಸಾಮಾನ್ಯವಾಗಿ ತಾತ್ಕಾಲಿಕ. ಅಕಾಲದಲ್ಲಿ ಮುಟ್ಟು ನಿಲ್ಲುವುದು, ಕೈಕಾಲುಗಳ ಜೋಮು, ಕೆಲವು ಔಷಧಗಳಿಂದ ಹೃದಯಕ್ಕೆ ಒದಗುವ ದೌರ್ಬಲ್ಯ, ಇವು ಕೆಲವರಲ್ಲಿ ಉಳಿದುಬಿಡುವುದೂ ಉಂಟು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಮದ್ದಿನಿಂದ ಮರುಕಳಿಕೆ ಮೂರರಲ್ಲೊಂದು ಪಾಲು ತಗ್ಗುವುದೆಂದು ಇಟ್ಟುಕೊಳ್ಳಿ. ನೂರು ಮಂದಿಯಲ್ಲಿ 45 ಮಂದಿಗೆ ರೋಗ ಮರಳುವಂತಿದ್ದರೆ, ಮದ್ದು 15 ಮಂದಿಯನ್ನು ಕಾಪಾಡುತ್ತದೆ. ನೂರರಲ್ಲಿ ಆರು ಮಂದಿಗೆ ಮಾತ್ರ ಮರಳುವಂತಿದ್ದರೆ, ಕಾಪಾಡುವುದು ಇಬ್ಬರನ್ನು; ಉಳಿದ 98 ಮಂದಿ ಫಲವಿಲ್ಲದ ಕಷ್ಟವನ್ನು ಅನುಭವಿಸಿದಂತಾಯಿತು. ‘ಮೂರರಲ್ಲೊಂದು ಪಾಲು’ ಎಂಬ ಮಾತು ಎರಡು ಕಡೆಯೂ ನಿಜ. ಆದರೆ ಅದರ ಬೆಲೆ ಎರಡು ಕಡೆಯೂ ಒಂದೇ ಅಲ್ಲ. ಮದ್ದು ಕೆಲಸ ಮಾಡುವುದೇ ಎಂಬುದಕ್ಕಿಂತ, ಅದಿಲ್ಲದೆಯೇ ಗುಣವಾಗಿರುವವರು ಯಾರು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ಗಡ್ಡೆಯ ಜೀನುಗಳಲ್ಲಿ ಹುಡುಕಿದರು. ಜೀನು ಬರೆದಿಟ್ಟ ಆಜ್ಞೆಯಿದ್ದಂತೆ. ಅದು ಜಾರಿಗೆ ಬರುವಾಗ ಆರ್‌ಎನ್‌ಎ ಎಂಬ ನಕಲುಗಳು ತಯಾರಾಗುತ್ತವೆ. ತೆಗೆದಿರಿಸಿದ ಗಡ್ಡೆಯ ತುಂಡಿನಲ್ಲಿ ಈ ನಕಲುಗಳ ಪ್ರಮಾಣವನ್ನು ಅಳೆದರೆ, ಆ ಗಡ್ಡೆಯ ಸ್ವಭಾವ ಸೌಮ್ಯವೋ ಉಗ್ರವೋ ಎಂದು ಊಹಿಸಬಹುದು. 21 ಜೀನುಗಳ ಒಂದು ಪರೀಕ್ಷೆಯಲ್ಲಿ 16 ಜೀನುಗಳು ಕ್ಯಾನ್ಸರಿನ ನಡತೆಯನ್ನು ತಿಳಿಸುತ್ತವೆ; ಉಳಿದ ಐದು ಹೋಲಿಕೆಗಾಗಿ, ತಕ್ಕಡಿಯ ಪಡಿಗಲ್ಲಿನಂತೆ. ಫಲಿತಾಂಶವನ್ನು ಸೊನ್ನೆಯಿಂದ 100ರವರೆಗಿನ ಒಂದು ಅಂಕವಾಗಿ ಕೊಡುತ್ತಾರೆ.

ಈ ಅಂಕವನ್ನು ಒರೆಗೆ ಹಚ್ಚಿದ್ದು ಟೇಲರ್‌ಎಕ್ಸ್ ಎಂಬ ಮಹಾಪ್ರಯೋಗ. ದರ್ಜಿಯು ಅಳತೆ ನೋಡಿ ಬಟ್ಟೆ ಹೊಲಿಯುವಂತೆ ರೋಗಿಯನ್ನು ನೋಡಿ ಚಿಕಿತ್ಸೆ ಎಂಬುದು ಆ ಹೆಸರಿನ ಭಾವ. 2006ರಿಂದ 2010ರವರೆಗೆ 10,273 ಸ್ತ್ರೀಯರು ಇದರಲ್ಲಿ ಸೇರಿದರು. ಎಲ್ಲರ ಗಡ್ಡೆಯೂ ಹಾರ್ಮೋನಿಗೆ ಸ್ಪಂದಿಸುವಂಥದು, ಹರ್‌-2 ಎಂಬ ಪ್ರೋಟೀನಿನ ಆಧಿಕ್ಯವಿಲ್ಲದ್ದು. ಗ್ರಂಥಿಗಳಿಗೆ ರೋಗ ಹಬ್ಬಿರಲಿಲ್ಲ. ಅಂಕ 11ರಿಂದ 25ರೊಳಗಿದ್ದ 6,711 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನು ತಡೆಯುವ ಔಷಧವನ್ನು ಮಾತ್ರ, ಇನ್ನೊಂದಕ್ಕೆ ಅದರೊಡನೆ ಕೀಮೋಥೆರಪಿಯನ್ನೂ ವಿಧಿಸಿದರು. 2018ರಲ್ಲಿ ಫಲ ಹೊರಬಿದ್ದಿತು. ಒಂಬತ್ತು ವರ್ಷಗಳ ಬಳಿಕ ದೂರದ ಅಂಗಗಳಿಗೆ ರೋಗ ಹರಡದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 94.5, ಎರಡನೆಯದರಲ್ಲಿ 95. ಅಂತರ ಅರ್ಧದಷ್ಟು!

ಆದರೆ ವಾಚಕರು ಒಂದನ್ನು ಮರೆಯಬಾರದು. ಐವತ್ತು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಅಂಕ 16ರಿಂದ 25ರವರೆಗೆ ಇದ್ದಾಗ, ಕೀಮೋಥೆರಪಿಯಿಂದ ಸ್ವಲ್ಪ ಪ್ರಯೋಜನ ಕಂಡುಬಂದಿತು. ಮದ್ದು ಅಂಡಾಶಯಗಳ ಕೆಲಸವನ್ನು ನಿಲ್ಲಿಸಿದ್ದರ ಫಲವೂ ಇದರಲ್ಲಿ ಸೇರಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಅಂಕ 26 ಅಥವಾ ಹೆಚ್ಚಾದರೆ ಮದ್ದನ್ನೇ ಸಲಹೆ ಮಾಡುವುದು ವಾಡಿಕೆ. ಹಾರ್ಮೋನಿಗೆ ಸ್ಪಂದಿಸದ ಗಡ್ಡೆಗಳಿಗೂ, ಹರ್‌-2 ಅಧಿಕವಾಗಿರುವ ಗಡ್ಡೆಗಳಿಗೂ ಈ ಲೆಕ್ಕ ಅನ್ವಯಿಸದು. ಅಲ್ಲಿ ಕೀಮೋಥೆರಪಿಗೆ ಈಗಲೂ ದೊಡ್ಡ ಪಾತ್ರವುಂಟು.

ಇಂಥ ಪರೀಕ್ಷೆಗಳು ದುಬಾರಿ ಎಂಬುದು ನಮ್ಮ ದೇಶದ ಮಟ್ಟಿಗೆ ಸಣ್ಣ ತೊಡಕಲ್ಲ. ಬೆಂಗಳೂರಿನಲ್ಲಿಯೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆಯು ಜೀನುಗಳ ಬದಲು ಐದು ಪ್ರೋಟೀನುಗಳನ್ನು ಅಳೆದು, ಗಡ್ಡೆಯ ಗಾತ್ರ, ದರ್ಜೆ, ಗ್ರಂಥಿಗಳ ಸ್ಥಿತಿ ಇವುಗಳೊಡನೆ ಕೂಡಿಸಿ ಮರುಕಳಿಕೆಯ ಸಂಭವವನ್ನು ಅಂದಾಜು ಮಾಡುತ್ತದೆ.

ಯಾವ ಪರೀಕ್ಷೆಯೂ ಭವಿಷ್ಯವನ್ನು ನುಡಿಯುವುದಿಲ್ಲ, ಸಂಭವವನ್ನಷ್ಟೇ ತಿಳಿಸುತ್ತದೆ. ನೂರಕ್ಕೆ ಎರಡರ ಲಾಭಕ್ಕಾಗಿ ಎಷ್ಟು ಕಷ್ಟವನ್ನಾದರೂ ಸಹಿಸುವೆನೆಂದು ಒಬ್ಬಾಕೆ ಹೇಳಬಹುದು. ಅಷ್ಟಕ್ಕಾಗಿ ಬೇಡವೆಂದು ಇನ್ನೊಬ್ಬಾಕೆ ಹೇಳಬಹುದು. ಇಬ್ಬರ ಅಂಕವೂ ಒಂದೇ ಇದ್ದರೂ ಇಬ್ಬರ ತೀರ್ಮಾನವೂ ವಿವೇಕದ್ದೇ. ಅಂಕವನ್ನು ವಿವರಿಸುವುದು ವೈದ್ಯರ ಕರ್ತವ್ಯ, ತೂಗಿ ನೋಡುವ ಹಕ್ಕು ಆಕೆಯದು. ಆಕೆಯ ಕೈಗೆ ಈ ತಕ್ಕಡಿ ದೊರೆತದ್ದು, ತಮ್ಮ ಚಿಕಿತ್ಸೆಯನ್ನೇ ಚೀಟಿಯ ಪಾಲಿಗೆ ಬಿಟ್ಟ ಆ ಸಾವಿರಾರು ಸ್ತ್ರೀಯರ ಧೈರ್ಯದಿಂದ.